ಎರಡು ಗೇಟಿನ ನಡುವೆ ದರ್ಜಿ

ದರ್ಜಿ ಒಬ್ಬನೇ ದೇಶ ನೋಡಲು ಹೊರಟದ್ದಕ್ಕೆ ಕಾರಣ ಒಂದು ಕಿಟಕಿ ಪರದೆ. ನೀಲಿ ಬೇಕೆಂದು ತಾಯಿ, ಹಸಿರು ಬೇಕೆಂದು ಹೆಂಡತಿ. ಇಬ್ಬರೂ ಮಾತು ಬಿಟ್ಟು, ಹೇಳಬೇಕಾದ್ದನ್ನೆಲ್ಲ ಅವನ ಬಾಯಲ್ಲೇ ಹೇಳಿಸುತ್ತಿದ್ದರು. ಹತ್ತು ದಿನವಾದರೂ ಯಾರ ಮಾತನ್ನೂ ಯಾರಿಗೂ ಮುಟ್ಟಿಸದೆ ಇರೋಣವೆಂದು ಬ್ಯಾಗು ಹೆಗಲಿಗೇರಿಸಿದ.

ಮೂರನೆಯ ದಿನ ಬೆಟ್ಟದ ಮೇಲಿನ ಗಡಿ ಸಿಕ್ಕಿತು. ಈ ಕಡೆ ಒಂದು ಗೇಟು, ಆ ಕಡೆ ಒಂದು ಗೇಟು, ನಡುವೆ ಅರ್ಧ ಮೈಲಿ ಜಲ್ಲಿ ರಸ್ತೆ. ಆ ಗೇಟಿನಾಚೆ ಮೂರು ಗಂಟೆಗೆ ಬಸ್ಸು; ತಪ್ಪಿದರೆ ಮುಂದಿನ ವಾರವೇ.

ಈ ಕಡೆಯ ಅಧಿಕಾರಿ ಪಾಸ್‌ಪೋರ್ಟಿಗೆ ಸೀಲು ಒತ್ತಿ, "ಒಂದು ಉಪಕಾರ ಆಗ್ಬೇಕಲ್ಲ ಸ್ವಾಮಿ," ಎಂದರು. "ಆ ಕಡೆ ಆಫೀಸರು ನಮ್ಮ ಬೀಗರು. ಮೊಮ್ಮಗ ಹುಟ್ಟಿ ಮೂರು ತಿಂಗಳಾಯ್ತು, ಇನ್ನೂ ಹೆಸರಿಲ್ಲ. ಮಗಳು ಮಗು ಎತ್ಕೊಂಡು ನಮ್ಮನೇಲೇ ಕೂತಿದಾಳೆ. ನನ್ನ ಹೆಸರೇ ಇಡ್ಬೇಕು ಅಂತ ಹೇಳ್ಬಿಡಿ."

"ನೀವೇ ಹೇಳ್ಬಹುದಲ್ಲ ಸಾರ್?"

"ಮಾತು ಬಿಟ್ಟಿದೀವಿ."

ಆ ಮಾತು ಹೊತ್ತು ದರ್ಜಿ ಅರ್ಧ ಮೈಲಿ ನಡೆದ.

ಅದನ್ನು ಕೇಳಿ ಆ ಕಡೆಯ ಬೀಗರು ಎತ್ತಿದ ಸೀಲನ್ನು ಹಾಗೇ ಕೆಳಗಿಟ್ಟರು. "ವಂಶ ನಮ್ದು, ಹೆಸರು ಅವರದಾ? ಹೋಗಿ ಕೇಳ್ಕೊಂಡು ಬನ್ನಿ. ಉತ್ತರ ಬರ್ಲಿ, ಆಮೇಲೆ ಸೀಲು."

ದರ್ಜಿ ಹೋದ, ಬಂದ. ಮತ್ತೆ ಹೋದ, ಮತ್ತೆ ಬಂದ. ಹೊಲಿಗೆ ಯಂತ್ರದ ಸೂಜಿ ಇಷ್ಟು ಓಡಾಡಿದ್ದರೆ ಒಂದು ಅಂಗಿಯಾದರೂ ಆಗುತ್ತಿತ್ತು. ಎರಡೂಮುಕ್ಕಾಲಾಯಿತು. ಗೇಟಿನಾಚೆ ಬಸ್ಸು ಗುರುಗುಟ್ಟಿತು. ಆ ಕಡೆಯ ಬೀಗರ ಮುಂದೆ ನಿಂತು ದರ್ಜಿ ಒಂದು ಸುಳ್ಳು ಹೊಲಿದ.

"ಒಪ್ಪಿದ್ರು ಸಾರ್. ನಿಮ್ಮ ಹೆಸರೇ ಇರ್ಲಿ ಅಂದ್ರು."

ಅವರ ಕಣ್ಣು ತುಂಬಿತು. "ಎಂಥ ದೊಡ್ಡ ಮನಸ್ಸು!" ಎನ್ನುತ್ತ ಸೀಲು ಮರೆತು, ಗೇಟಿಗೆ ಬೀಗ ಜಡಿದು, ಕೈಯಲ್ಲಿದ್ದ ಪಾಸ್‌ಪೋರ್ಟಿನ ಸಮೇತ ಈ ಕಡೆಯ ಗೇಟಿಗೆ ಓಡಿದರು. "ಸಾರ್, ಸೀಲು!" ಎಂದು ದರ್ಜಿ ಹಿಂದೆ ಓಡಿದ.

"ಬೀಗರೇ, ನನ್ನ ಹೆಸರಿಗೆ ಒಪ್ಪಿದ್ರಂತೆ!"

"ನಾನಾ? ಯಾವಾಗ?"

ನಾಲ್ಕು ಕಣ್ಣುಗಳು ದರ್ಜಿಯತ್ತ ತಿರುಗಿದವು.

"ಬಸ್ಸು... ಹೊರಡ್ತಿತ್ತು," ಎಂದು ತೊದಲಿದ.

"ಯಾರ್ರೀ ಇವನು, ನಮ್ಮ ಮನೆ ವಿಷಯದಲ್ಲಿ ತಲೆ ಹಾಕೋಕೆ?"

"ಇರಿ, ಇದರಲ್ಲೇ ಇದೆ." ಆ ಕಡೆಯವರು ಪಾಸ್‌ಪೋರ್ಟು ಬಿಡಿಸಿದರು. ಇಬ್ಬರೂ ಹೆಸರು ಓದಿದರು. ಮತ್ತೊಮ್ಮೆ ಓದಿದರು.

"ಮನುಷ್ಯ ಹೇಗಾದ್ರೂ ಇರ್ಲಿ, ಹೆಸರು ಚೆನ್ನಾಗಿದೆ."

"ನಿಮ್ದೂ ಅಲ್ಲ, ನಮ್ದೂ ಅಲ್ಲ. ಮಗೂಗೆ ಇದನ್ನೇ ಇಡೋಣ."

ಮೂರು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕರು. "ನಡೀರಿ, ಮಗಳಿಗೆ ತೋರಿಸೋಣ!" ಈ ಗೇಟಿಗೂ ಹೊರಗಿನಿಂದ ಬೀಗ ಬಿತ್ತು.

"ಸಾರ್, ನಾನು?"

"ಬೆಳಿಗ್ಗೆ ಬರ್ತೀವಿ, ಅಲ್ಲೇ ಇರಿ. ಮಗೂನ ಹರಸಿ!"

ಆ ಕಡೆ ಬಸ್ಸು ಹೊರಟ ಸದ್ದು ಕೇಳಿಸಿತು. ಅದರ ಹಿಂದೆಯೇ ಫೋನು ರಿಂಗಾಯಿತು.

"ಇವತ್ತು ತೀರ್ಮಾನ ಆಗ್ಲೇಬೇಕು," ಎಂದಳು ಹೆಂಡತಿ. "ನೀವು ನನ್ನ ಕಡೆಯೋ, ನಿಮ್ಮಮ್ಮನ ಕಡೆಯೋ?"

ದರ್ಜಿ ಎರಡೂ ಗೇಟುಗಳನ್ನು ನೋಡಿದ. "ಯಾವ ಕಡೆಗೂ ಹೋಗೋ ಹಾಗಿಲ್ಲ ಕಣೇ. ನಡುವೆ ನಿಂತಿದೀನಿ."

"ಅದರಲ್ಲಿ ಹೊಸದೇನ್ರೀ? ಇರಿ, ನಿಮ್ಮಮ್ಮ ಇಲ್ಲೇ ಪಕ್ಕದಲ್ಲಿ ಕೂತಿದಾರೆ. ಅವರಿಗೊಂದು ಮಾತು ಹೇಳ್ಬಿಡಿ..."