ನಮ್ಮ ಸೇಬುಮರದ ತಂದೆ ಯಾರೆಂದು ತಿಳಿಸಬೇಕಾಗಿ ಜೇನುನೊಣದವರಲ್ಲಿ ವಿನಂತಿ

ಸಕಲ ಪುಷ್ಪಗಳ ಮನೆಬಾಗಿಲು ಬಲ್ಲವರೂ, ಕರೆಯದೆ ಬಂದು ಹೇಳದೆ ಹೋಗುವ ಅಪರೂಪದ ಅತಿಥಿಗಳೂ, ನಮ್ಮ ಬೇಲಿಯಾಚೆಯ ಮರದ ಪೆಟ್ಟಿಗೆಯಲ್ಲಿ ಬಾಡಿಗೆಯ ಗೊಡವೆಯಿಲ್ಲದೆ ವಾಸವಾಗಿರುವವರೂ ಆದ ಜೇನುನೊಣದವರಿಗೆ, ಪಕ್ಕದ ಸಸಿತೋಟದ ಮನೆಯ ಸೊಸೆ ಮಾಡುವ ಅನಂತ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮವಾಗಿಲ್ಲ. ತಮ್ಮ ರಾಣಿಯವರೂ, ತಮ್ಮ ಲೆಕ್ಕವಿಲ್ಲದಷ್ಟು ಅಕ್ಕತಂಗಿಯರೂ ಚಳಿ ಕಳೆದು ಸುಖವಾಗಿ ಮೈ ಮುರಿಯುತ್ತಿರಬಹುದೆಂದು ನಂಬಿದ್ದೇನೆ.

ಮಾನ್ಯರೇ,

ಮೊದಲು ನನ್ನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ನನ್ನ ಮಾವನವರು ಸೇಬಿನ ಸಸಿಗಳಿಗೆ ಕಸಿ ಕಟ್ಟಿ ಮಾರುವವರು. ಹುಳಿ ಕಾಡುಸೇಬಿನ ಬೀಜ ಬಿತ್ತಿ, ಸಸಿ ಬೆರಳಿನಷ್ಟು ದಪ್ಪವಾದಾಗ ಅದರ ತಲೆ ಕೊಯ್ದು, ಸೀಳಿನಲ್ಲಿ ಒಳ್ಳೆಯ ಜಾತಿಯ ಕಡ್ಡಿಯೊಂದನ್ನು ಕೂರಿಸುವುದು ಅವರ ಕೆಲಸ. ಆ ಗಾಯಕ್ಕೆ ಪಟ್ಟಿ ಸುತ್ತಿ ಮೇಣ ಬಳಿಯುವುದು ನನ್ನ ಕೆಲಸ. ಇಬ್ಬರೂ ಮಾಡಿದ್ದು ನೆಟ್ಟಗಿಲ್ಲ ಎಂದು ಹೇಳುವುದು ಅತ್ತೆಯವರ ಕೆಲಸ. ಇಷ್ಟೆಲ್ಲ ತಾಪತ್ರಯ ಯಾಕೆಂದು ತಾವು ಕೇಳಬಹುದು. ಸಿಹಿ ಸೇಬಿನ ಬೀಜ ನೆಟ್ಟರೆ ಅದೇ ಸಿಹಿ ಸೇಬು ಬರುವುದಿಲ್ಲ, ಏನು ಬರುತ್ತದೆಂದು ದೇವರಿಗೇ ಗೊತ್ತು, ಯಾಕೆಂದರೆ ಆ ಹೂವಿಗೆ ತಾವು ಯಾವ ಮರದ ಪರಾಗವನ್ನು ಕಾಲಿಗೆ ಮೆತ್ತಿಕೊಂಡು ಬಂದು ಒರೆಸಿ ಹೋದಿರೆಂದು ತಾವು ಯಾರಿಗೂ ಹೇಳುವುದಿಲ್ಲ. ಹಾಗಾಗಿ ನಮ್ಮ ಮನೆಯ ಹೊಟ್ಟೆಪಾಡು ನಡೆಯುತ್ತಿರುವುದೇ ತಮ್ಮ ಬೇಜವಾಬ್ದಾರಿಯ ಮೇಲೆ. ಅದಕ್ಕಾಗಿ ನಾವು ತಮಗೆ ಋಣಿಗಳು.

ಈಗ ದೂರಿಗೆ ಬರುತ್ತೇನೆ. ನಮ್ಮ ಹಿತ್ತಲಲ್ಲಿ, ಅಡುಗೆಮನೆಯ ಕಿಟಕಿಗೆ ಎದುರಾಗಿ, ಒಂದು ಸೇಬಿನ ಮರವಿದೆ. ನಾನು ಈ ಮನೆಗೆ ಬರುವ ಮೊದಲೇ ಮಾವನವರು ಕಾಡುಸೇಬಿನ ಸಸಿಯೊಂದಕ್ಕೆ ಗಾಲಾ ಎಂಬ ಘನವಾದ ಜಾತಿಯ ಕಡ್ಡಿ ಕಟ್ಟಿ ನೆಟ್ಟದ್ದು. ಹಣ್ಣು ಕಚ್ಚಿದರೆ ಮೊದಲು ಸಿಹಿ, ನುಂಗುವ ಹೊತ್ತಿಗೆ ನಾಲಿಗೆಯ ಅಂಚಿನಲ್ಲಿ ಚುರುಕ್ಕೆನ್ನುವ ಒಂದು ಹುಳಿ; ತಿಂದವರು ಇನ್ನೊಂದಕ್ಕೆ ಕೈ ಚಾಚದೆ ಎದ್ದದ್ದನ್ನು ನಾನಂತೂ ಕಂಡಿಲ್ಲ. ಮನೆಗೆ ಯಾರೇ ಬರಲಿ, ವಿದ್ಯುತ್ ಮೀಟರು ನೋಡಲು ಬಂದವರೇ ಆಗಲಿ, ಮಾವನವರು ತಟ್ಟೆಯಲ್ಲಿ ಹಣ್ಣು ಹೆಚ್ಚಿಟ್ಟು, "ಗಾಲಾ ಎಲ್ಲರ ಮನೇಲೂ ಇರುತ್ತೆ ಸ್ವಾಮಿ, ಈ ರುಚಿ ಎಲ್ಲಿರುತ್ತೆ? ನನ್ನ ಕೈಲಿ ಕಟ್ಟಿದ ಕಸಿ ಇವತ್ತಿನವರೆಗೆ ಒಂದೂ ಸತ್ತಿಲ್ಲ" ಎಂದು ಅವರ ಬಾಯಿ ತುಂಬಿರುವಾಗಲೇ ಹೇಳಿ ಮುಗಿಸುತ್ತಿದ್ದರು. ಬಾಯಿ ತುಂಬಿದವರು ತಲೆಯಾಡಿಸದೆ ಇನ್ನೇನು ಮಾಡಿಯಾರು!

ಹೀಗೆ ತಣ್ಣಗೆ ಸಾಗುತ್ತಿದ್ದ ಸಂಸಾರಕ್ಕೆ ಮಾವನವರೇ ಹುಳಿ ಹಿಂಡಿದರು. ತಳಿ ನೋಂದಣಿ ಕಚೇರಿಯವರು ಕಸಿಗೆ ಕಡ್ಡಿ ಕೊಡುವ ಉತ್ತಮ ತಾಯಿಮರಗಳಿಗೆ ಪ್ರಶಸ್ತಿಪತ್ರ ಕೊಡುತ್ತಾರೆಂದು ಎಲ್ಲಿಯೋ ಕೇಳಿ, ಯಾರೂ ಕೇಳದೆ ಇದ್ದರೂ, ಆ ಹಿತ್ತಲ ಮರದ ಎಲೆಗಳನ್ನು ತಾವೇ ಕಿತ್ತು ಪರೀಕ್ಷೆಗೆ ಕಳಿಸಿದರು. ಪ್ರಶಸ್ತಿ ಗೋಡೆಗೆ ಹಾಕಲು ಮೊಳೆಯನ್ನೂ ಹೊಡೆದಿಟ್ಟರು. ಒಂದು ದಿನ ಕಚೇರಿಯ ಅಧಿಕಾರಿಗಳು ಸ್ವತಃ ಬಂದು, ಕೊಟ್ಟ ಹಣ್ಣನ್ನು ತಿಂದು, ಕೈ ಒರೆಸಿಕೊಂಡು, ಫಲಿತಾಂಶ ಓದಿದರು. ಈ ಮರ ಗಾಲಾ ಅಲ್ಲ. ಗಾಲಾಗೂ ಇದಕ್ಕೂ ದೂರದ ನಂಟಸ್ತಿಕೆಯೂ ಇಲ್ಲ. ತಾಯಿ, ಹುಳಿ ಕಾಡುಸೇಬು. ತಂದೆ, ಅಜ್ಞಾತ. ತಂದೆ ಯಾರೆಂದು ಗೊತ್ತಿಲ್ಲದ ಮರ ಸಸಿತೋಟದಲ್ಲಿ ಇರಕೂಡದಾದ್ದರಿಂದ, ಅದರ ಕಡ್ಡಿ ಯಾರಿಗೂ ಕೊಡತಕ್ಕದ್ದಲ್ಲ. ಆಜ್ಞಾಪತ್ರದ ಮಾತಿನಲ್ಲೇ ಹೇಳುವುದಾದರೆ, ಮೊಗ್ಗು ಒಡೆಯುವುದರೊಳಗೆ ಒಂದು ಮರದ ತಲೆ ಕೊಯ್ದು ಮನೆತನ ಗೊತ್ತಿರುವ ಜಾತಿಯ ಕಸಿ ಕಟ್ಟತಕ್ಕದ್ದು. ತಪ್ಪಿದರೆ ತೋಟದ ಪರವಾನಗಿ ರದ್ದು. ಮರವನ್ನು ಕಡಿಯಿರೆಂದು ನಾವು ಹೇಳುತ್ತಿಲ್ಲ, ತಲೆಯನ್ನಷ್ಟೇ ಬದಲಾಯಿಸಿ ಎನ್ನುತ್ತಿದ್ದೇವೆ ಎಂದು ಅವರು ಬಹಳ ಕರುಣೆಯಿಂದ ವಿವರಿಸಿದರು. ಹೋಗುವಾಗ ಇನ್ನೂ ಎರಡು ಹಣ್ಣು ಜೇಬಿಗೆ ಇಳಿಸಿದರು.

ಮಾವನವರು ಇಂಗು ತಿಂದ ಮಂಗನಂತೆ ಕುಳಿತುಬಿಟ್ಟರು. ಆಗ ಅತ್ತೆಯವರು ಕಡಾಯಿ ಉಜ್ಜುತ್ತಿದ್ದವರು ತಲೆಯೆತ್ತದೆಯೇ, "ನಿಮ್ಮ ಕಸಿ ಮೊದಲನೇ ವರ್ಷವೇ ಹೋಯ್ತು. ಏಣಿ ಜಾರಿ ಬಿದ್ದು ಮುರೀತು. ಬುಡದಿಂದ ಚಿಗುರಿದ್ದು ಕಾಡುಸೇಬಿನ ಸಸಿಯೇ. ಹೇಳೋಣ ಅಂದ್ರೆ ನೀವು ಆವತ್ತೂ ಯಾರಿಗೋ ನಿಮ್ಮ ಕೈಗುಣದ ವಿಷಯ ಹೇಳ್ತಾ ಇದ್ರಿ, ನಡುವೆ ಬಾಯಿ ಹಾಕೋದು ಬೇಡ ಅಂತ ಸುಮ್ಮನಾದೆ" ಎಂದರು. ಇಷ್ಟು ವರ್ಷ ಸುಮ್ಮನಿದ್ದರು ಎಂದರೆ ನೋಡಿ. ಅಂದಿನಿಂದ ಮಾವನವರು ಅತ್ತೆಯ ಹತ್ತಿರ ಮಾತು ಬಿಟ್ಟಿದ್ದಾರೆ, ಆ ಮರದ ಕಡೆ ಬೆನ್ನು ಹಾಕಿ ಕೂರುತ್ತಾರೆ, ಚಾಕು ಮಸೆಯುತ್ತಾರೆ. ಈ ಸಲ ಕಸಿ ಸರಿಯಾಗಿ ಕಟ್ಟಿ ತೋರಿಸುತ್ತೇನೆಂಬುದು ಅವರ ಹಟ. ಅತ್ತೆಯವರಿಗೆ ಆ ಮರವೆಂದರೆ ಜೀವ. "ಈ ತೋಟದಲ್ಲಿ ಎಲ್ಲಾ ಮರಗಳೂ ಇವರು ಹೇಳಿದ್ದಕ್ಕೆ ಬೆಳೆದವು, ಅದೊಂದೇ ತಾನಾಗಿ ಬಂದದ್ದು" ಎಂದು ನನ್ನೊಬ್ಬಳ ಹತ್ತಿರ ಹೇಳಿದರು. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಆದ್ದರಿಂದ, ಮಾನ್ಯರೇ, ಈ ಮರದ ತಂದೆ ಯಾರೆಂಬುದಕ್ಕೆ ಜಗತ್ತಿನಲ್ಲಿರುವ ಏಕೈಕ ಸಾಕ್ಷಿ ತಾವಾದ್ದರಿಂದ, ತಾವು ದಯಮಾಡಿ ಕಚೇರಿಗೆ ಹಾಜರಾಗಿ ಹೇಳಿಕೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಆ ದಿನ ಕಾಡುಸೇಬಿನ ಹೂವಿಗೆ ಬರುವ ಮುಂಚೆ ತಾವು ಯಾರ ತೋಟದಲ್ಲಿದ್ದಿರಿ, ಅಲ್ಲಿ ಎಷ್ಟು ಹೊತ್ತು ಕುಳಿತಿರಿ, ಜೊತೆಗೆ ಯಾರಿದ್ದರು ಎಂಬುದನ್ನು ಪ್ರಮಾಣ ಮಾಡಿ ಹೇಳಿದರೆ ಸಾಕು. ಸಂಬಂಧಪಟ್ಟ ನೊಣದವರು ಆ ಬೇಸಿಗೆಯಲ್ಲೇ ರೆಕ್ಕೆ ಸವೆದು ತೀರಿಕೊಂಡಿರುವುದೂ, ಅವಿವಾಹಿತರಾಗಿದ್ದುದರಿಂದ ಮಕ್ಕಳಿಲ್ಲದಿರುವುದೂ ನನಗೆ ಗೊತ್ತಿದೆ. ಅವರ ಅಕ್ಕನ ಕಡೆಯವರು, ತಂಗಿಯ ಕಡೆಯವರು ಯಾರಾದರೂ ಬಂದರೂ ನಡೆಯುತ್ತದೆ. ಸಾಧ್ಯವಾದರೆ ಆ ಕಾಲದ ಪರಾಗವನ್ನು ಹಿಂಗಾಲಿನಿಂದ ಕೆರೆದು ಒಂದು ಡಬ್ಬಿಯಲ್ಲಿ ತರುವುದು. ಇನ್ನು ಮುಂದೆ ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕಾಲು ತೊಳೆದುಕೊಳ್ಳುವ ಅಭ್ಯಾಸವನ್ನೂ ತಮ್ಮ ಮನೆಯ ಹಿರಿಯರು ಕಲಿಸಿಕೊಡಬೇಕು.

ಕಚೇರಿಯಲ್ಲಿ ತಮಗೆ ಮುಜುಗರವಾಗಬಾರದೆಂದು ಒಂದೆರಡು ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಮನೆತನ, ಮನೆತನ ಎಂದು ಅಧಿಕಾರಿಗಳು ಕುಣಿಯುತ್ತಿರುವ ಆ ಗಾಲಾದ ಕುಲವನ್ನೇ ನಾನು ಊರಿನ ವಾಚನಾಲಯದಲ್ಲಿ ಕುಳಿತು ಕೆದಕಿ ನೋಡಿದೆ. ಹೆತ್ತವರಲ್ಲಿ ಒಬ್ಬರು ಗೋಲ್ಡನ್ ಡೆಲಿಷಿಯಸ್. ಅದು ಯಾರದೋ ಹೊಲದಲ್ಲಿ ಯಾರೂ ನೆಡದೆ ತಾನಾಗಿ ಎದ್ದ ಮರ. ಇನ್ನೊಬ್ಬರ ಕಡೆಯಿಂದ ಒಂದು ತಲೆಮಾರು ಮೇಲೆ ಹೋದರೆ ರೆಡ್ ಡೆಲಿಷಿಯಸ್ ಸಿಗುತ್ತದೆ. ಅದು ಸಾಲು ತಪ್ಪಿ ಹುಟ್ಟಿತೆಂದು ತೋಟದ ಯಜಮಾನ ಎರಡೆರಡು ಸಲ ಕಡಿದರೂ ಮತ್ತೆ ಚಿಗುರಿ ಬಂತಂತೆ, ಆಮೇಲೆ ಅವನೇ ಸೋತು ಬದುಕಿಕೋ ಎಂದನಂತೆ. ಫ್ಯೂಜಿ ಎಂಬ ಸೇಬೂ ಅದರ ಕೂಸೇ. ಗ್ರಾನಿ ಸ್ಮಿತ್ ಎಂಬ ಹಸಿರು ಸೇಬು ಅಜ್ಜಿಯೊಬ್ಬರು ಎಸೆದ ಹಣ್ಣಿನ ಕಸದಲ್ಲಿ ಹುಟ್ಟಿದ್ದೆಂದು ಹೇಳುತ್ತಾರೆ, ತಂದೆ ಯಾರೆಂದು ಇಂದಿಗೂ ಖಚಿತವಿಲ್ಲ. ಹನಿಕ್ರಿಸ್ಪ್ ಎಂಬ ಸೇಬಿನ ಕಥೆ ಇನ್ನೂ ಚೆಂದ: ದಾಖಲೆಯಲ್ಲಿ ಬರೆದಿಟ್ಟಿದ್ದ ಅಪ್ಪ ಅಮ್ಮ ಇಬ್ಬರೂ ಅದರವರೇ ಅಲ್ಲವೆಂದು ಎಷ್ಟೋ ಕಾಲದ ಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು, ಅಷ್ಟರಲ್ಲಿ ಜನ ಆ ಹಣ್ಣಿಗೆ ಮುಗಿಬಿದ್ದಾಗಿತ್ತು. ಎಲ್ಲಕ್ಕೂ ಹಿಂದೆ ಹೋದರೆ, ಮಧ್ಯ ಏಷ್ಯಾದ ಬೆಟ್ಟಗಳಲ್ಲಿ ದಪ್ಪನೆಯ ಸಿಹಿ ಹಣ್ಣನ್ನೇ ಆರಿಸಿ ತಿಂದು, ಬೀಜವನ್ನು ತಮಗೆ ಅನುಕೂಲವಾದ ಕಡೆ ವಿಸರ್ಜಿಸಿ ಬಂದ ಕರಡಿಗಳೇ ಸೇಬಿಗೆ ಈ ಗಾತ್ರ ಬರಿಸಿದವೆಂದು ಬಲ್ಲವರು ಅನ್ನುತ್ತಾರೆ. ಆ ಕರಡಿಗಳ ಪರವಾನಗಿಯನ್ನು ಯಾರು ನವೀಕರಿಸಿದರೋ ಪುಸ್ತಕದಲ್ಲಿ ಬರೆದಿರಲಿಲ್ಲ.

ತಮ್ಮ ಮನೆಯ ವಿಷಯವನ್ನೂ ಅದೇ ಕಪಾಟಿನಲ್ಲಿ ಓದಿದೆ, ಕ್ಷಮಿಸಬೇಕು. ತಮ್ಮ ಮನೆಯ ಗಂಡುನೊಣಗಳಿಗೆ ಅಪ್ಪನೇ ಇರುವುದಿಲ್ಲವಂತೆ. ರಾಣಿಯವರು ಯಾರ ಹಂಗೂ ಇಲ್ಲದೆ ಇಟ್ಟ ಮೊಟ್ಟೆಯಿಂದ ಬರುತ್ತಾರಂತೆ. ಅಜ್ಜ ಮಾತ್ರ ಇರುತ್ತಾನಂತೆ. ಇದನ್ನು ಓದಿ ನಾನು ವಾಚನಾಲಯದಲ್ಲಿ ಜೋರಾಗಿ ನಕ್ಕು, ಅಲ್ಲಿನ ಮೇಲ್ವಿಚಾರಕರಿಂದ ಬೈಸಿಕೊಂಡೆ. ಅಪ್ಪನಿಲ್ಲದವರ ಮನೆಗೆ ಹೋಗಿ ಇನ್ನೊಬ್ಬರ ಅಪ್ಪನ ಹೆಸರು ಕೇಳುತ್ತಿದ್ದೇನಲ್ಲ, ನನ್ನ ಬುದ್ಧಿಗಿಷ್ಟು. ಆದರೂ ಕಚೇರಿಯ ಆಜ್ಞೆ, ಕೇಳದೆ ವಿಧಿಯಿಲ್ಲ.

ಇಷ್ಟು ಬರೆದು, ಹೇಳಿಕೆಗೆ ಸಹಿಯ ಬದಲು ತಮ್ಮ ಹೆಜ್ಜೆಗುರುತನ್ನು ಎಲ್ಲಿ ಒತ್ತಿಸಿಕೊಳ್ಳಬೇಕೆಂದು ಯೋಚಿಸುತ್ತಿದ್ದಾಗ ಗರಗಸದ ಸದ್ದು ಕೇಳಿಸಿತು. ಪೆನ್ನು ಬಿಸುಟು ಹಿತ್ತಲಿಗೆ ಓಡಿದೆ.

ಅಲ್ಲಿ ಮರವೇ ಕಾಣಿಸಲಿಲ್ಲ. ಅತ್ತೆಯವರು ಮನೆಯಲ್ಲಿದ್ದ ದುಪ್ಪಟಿ, ದಿಂಬಿನ ಚೀಲ, ಕಿಟಕಿಯ ಪರದೆ, ನನ್ನ ಗಂಡನ ಮದುವೆಯ ಕೋಟು, ಎಲ್ಲವನ್ನೂ, ಒಗೆದದ್ದು ಒಗೆಯದ್ದು ಎನ್ನದೆ, ಬುಡದಿಂದ ತುದಿಯವರೆಗೆ ಒಂದೊಂದು ಕೊಂಬೆಗೂ ಹರವಿ, ಗರಗಸ ಇಡಲು ಬೆರಳಗಲ ಜಾಗವಿಲ್ಲದಂತೆ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಿಂತಿದ್ದರು. ಆದರೆ ಮಾವನವರು ಅಲ್ಲಿರಲಿಲ್ಲ. ಸದ್ದು ಬರುತ್ತಿದ್ದದ್ದು ಮುಂಬಾಗಿಲ ಕಡೆಯಿಂದ. ಗೇಟಿನ ಪಕ್ಕ, ಇದೇ ಕಚೇರಿಯವರು ಪರೀಕ್ಷಿಸಿ ಮುದ್ರೆ ಹಾಕಿಕೊಟ್ಟ ಅಸಲಿ ಗಾಲಾ ಮರವೊಂದು ನಿಂತಿತ್ತು. ಮಾವನವರು ಅದರ ತಲೆಯನ್ನು ನೀಟಾಗಿ ಇಳಿಸಿಬಿಟ್ಟಿದ್ದರು. ಆಮೇಲೆ ಚಾಕುವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದು, ಆ ಬಟ್ಟೆಯ ಗುಡ್ಡದ ಮುಂದೆ ನಿಂತು, ಅಷ್ಟು ದಿನಗಳ ಮೇಲೆ ಮೊದಲ ಸಲ ಅತ್ತೆಯವರ ಹತ್ತಿರ ಮಾತಾಡಿದರು. "ಆ ದುಪ್ಪಟಿ ಸ್ವಲ್ಪ ಸರಿಸೇ. ಕಡ್ಡಿ ಬೇಕು."

ಅತ್ತೆಯವರು ಸರಿಸಿದರು. ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಅಪ್ಪನಿಲ್ಲದ ಮರದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅತ್ತೆಯವರು ಹಿಡಿದುಕೊಂಡರು, ಮಾವನವರು ಗಾಲಾದ ಮೋಟಿನಲ್ಲಿ ಸೀಳು ಮಾಡಿ ಒಂದೊಂದಾಗಿ ಕೂರಿಸಿದರು, ನಾನು ಮೂಗು ಒರೆಸಿಕೊಳ್ಳುತ್ತಲೇ ಪಟ್ಟಿ ಸುತ್ತಿದೆ. ಮೇಣ ಆರುವ ಹೊತ್ತಿಗೆ ಮಾವನವರು, "ಬರೆದಿರೋದು ಒಂದು ಮರದ ತಲೆ ಕೊಯ್ದು ಕಸಿ ಕಟ್ಟಿ ಅಂತ ತಾನೆ? ಕಟ್ಟಿದ್ದೀವಿ. ಬಂದು ಎಣಿಸಿಕೊಳ್ಳಲಿ" ಎಂದು ಕೈ ತೊಳೆಯಲು ಹೋದರು. ಪರವಾನಗಿ ಉಳಿಯುತ್ತದೋ ಹೋಗುತ್ತದೋ ನನಗೆ ಗೊತ್ತಿಲ್ಲ. ಕಸಿ ಹಿಡಿಯುತ್ತದೆ, ಅಷ್ಟು ಗೊತ್ತು.

ಆದ್ದರಿಂದ ತಾವು ಕಚೇರಿಗೆ ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಮೇಲೆ ಬರೆದ ಬೇಡಿಕೆಗಳನ್ನೆಲ್ಲ, ಕಾಲು ತೊಳೆಯುವುದೂ ಸೇರಿದಂತೆ, ಈ ಮೂಲಕ ಹಿಂದೆ ತೆಗೆದುಕೊಂಡಿದ್ದೇನೆ. ಮರದ ತಂದೆ ಯಾರೆಂದು ತಮಗೆ ತಿಳಿದಿದ್ದರೂ ದಯವಿಟ್ಟು ಬಾಯಿ ಬಿಡಬೇಡಿ. ಮೊಗ್ಗು ಒಡೆದಾಗ ಎಂದಿನಂತೆ ಬನ್ನಿ, ಯಾರ ಮನೆಯಿಂದ ಬಂದಿರೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ತಾವು ಕುಟುಕುವವರೆಗೂ ತಮ್ಮ ವಿಶ್ವಾಸಿ,
ಪಟ್ಟಿ ಸುತ್ತುವ ಸೊಸೆ

ತಾ.ಕ.: ಈ ಪತ್ರದ ಪ್ರತಿಯೊಂದನ್ನು ನೋಂದಣಿ ಕಚೇರಿಯ ಬಾಗಿಲಿಗೂ ಅಂಟಿಸಿ ಬಂದಿದ್ದೇನೆ. ಅಲ್ಲಿನ ಅಂಗಳದಲ್ಲಿ "ಗಾಲಾ, ಶುದ್ಧ ತಳಿ" ಎಂದು ಹಿತ್ತಾಳೆಯ ಫಲಕ ಹೊತ್ತು ನಿಂತಿರುವ, ಅಧಿಕಾರಿಗಳು ಪ್ರತಿ ವರ್ಷ ಮೇಲಿನವರಿಗೆಲ್ಲ ಬುಟ್ಟಿ ಬುಟ್ಟಿ ಹಣ್ಣು ಕಳಿಸಿ ಶಹಭಾಸ್ ಅನ್ನಿಸಿಕೊಳ್ಳುವ ಆ ಮರಗಳಿಗೆ ಕಡ್ಡಿ ಹೋದದ್ದು ನಮ್ಮ ತೋಟದಿಂದ, ಮಾವನವರು ಗಾಲಾ ಎಂದೇ ನಂಬಿದ್ದ ಕಾಲದಲ್ಲಿ, ಇದೇ ಹಿತ್ತಲ ಮರದಿಂದ. ತಲೆ ಕೊಯ್ಯಲು ಗರಗಸ ಬೇಕಿದ್ದರೆ ಹೇಳಿ ಕಳಿಸಲಿ, ಮಾವನವರದ್ದು ಈಗಷ್ಟೇ ಮಸೆದದ್ದಿದೆ.