ಬೆರಳಿನ ತೂಕ

ಸಿಂಧನೂರಿನ ಕಾಲುವೆಯ ತೇವಕ್ಕೆ ಮರ ಉಬ್ಬಿ ನಮ್ಮ ಅತ್ತೆಯ ಪಿಯಾನೊದ ಪಟ್ಟಿಗಳು, ಅಂದರೆ ಒತ್ತುವ ಕೀಗಳು, ಬೆರಳಿಗೆ ಭಾರವಾದವು ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಆದರೆ ಈಗೀಗ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಎಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ಒಪ್ಪದಿರುವುದೇ ನನ್ನ ಉದ್ಯೋಗವಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಢಾಲುಗಳು ಅತ್ತೆಯ ಹಪ್ಪಳದ ಡಬ್ಬಿಯನ್ನು ಕಪಾಟಿನಿಂದ ಹೊರಗಟ್ಟಿದ್ದವು.

ಅತ್ತೆ ಸಂಗೀತದ ಟೀಚರಾಗಿ ನಿವೃತ್ತರಾದವರು. ಲಿಂಗಸುಗೂರಿನಲ್ಲಿ ಹಳೆಯ ಬಂಗಲೆಯೊಂದನ್ನು ಖಾಲಿ ಮಾಡಿದಾಗ ಅವರ ಪಾಲಿಗೆ ಬಂದ ಗ್ರ್ಯಾಂಡ್ ಪಿಯಾನೊ ನಮ್ಮ ಪಡಸಾಲೆಯನ್ನು ಎಷ್ಟು ಆಕ್ರಮಿಸಿತ್ತೆಂದರೆ, ನೆಂಟರು ಬಂದ ದಿನ ನಾವು ಹುಡುಗರು ಅದರ ಕೆಳಗೆ ಕುಳಿತು ಉಣ್ಣುತ್ತಿದ್ದೆವು.

ಒಂದು ದಿನ ಅತ್ತೆ, "ಪಟ್ಟಿ ಒತ್ತಾಕ ಆಗವಲ್ದು. ಪಿಯಾನೊದ್ದು ತಪ್ಪಿದ್ರ ರಿಪೇರಿ ಮಾಡಸೂಣು. ನನ್ನ ಬೆರಳಿಂದು ತಪ್ಪಿದ್ರ ಪಿಯಾನೊ ಸಾಲಿಗೆ ಕೊಟ್ಟುಬಿಡೂಣು" ಎಂದರು. ಆ ಮಾತಿನೊಳಗಿನ ದಿಗಿಲು ಬೇರೆ ಯಾರಿಗಾದರೂ ಕೇಳಿಸುತ್ತಿತ್ತು. ನನಗೆ ಕೇಳಿಸಿದ್ದು ಚರ್ಚೆಯ ವಿಷಯ. ಪಕ್ಕದ ಮನೆಯ ಅಕ್ಕಸಾಲಿಗರಿಂದ ಗ್ರಾಂ ತೂಕಗಳನ್ನು ತಂದು ಒಂದೊಂದು ಪಟ್ಟಿಯ ತುದಿಗೂ ಇಟ್ಟು ನೋಡಿದೆ. ನಡುವಿನವು ಐವತ್ತೆರಡು ಗ್ರಾಮಿಗೆ ಮೆಲ್ಲಗೆ ಇಳಿದವು. ಮಸ್ಕಿಯ ಹಾರ್ಮೋನಿಯಂ ರಿಪೇರಿ ಈರಣ್ಣ ಕೆಲವು ವರ್ಷಗಳ ಹಿಂದೆ ಈ ಪಿಯಾನೊ ನೋಡಲು ಬಂದಾಗ ಅಳೆದು ಮುಚ್ಚಳದ ಒಳಗೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೂ ಐವತ್ತೆರಡೇ.

"ಪಿಯಾನೊ ಇದ್ದಂಗೇ ಐತಿ, ಅತ್ತಿ" ಎಂದು ತೀರ್ಪು ಕೊಟ್ಟೆ.

ಅತ್ತೆ ಮುಚ್ಚಳ ಹಾಕಿದರು. ತಿಂಗಳವರೆಗೆ ಅದರ ಮೇಲೆ ಒಗೆದ ಬಟ್ಟೆ ಮಡಚಿಟ್ಟರು. ಗೆದ್ದ ಮೇಲೆ ಇಷ್ಟು ಕೆಡುಕೆನಿಸಿದ್ದು ನನಗೆ ಅದೇ ಮೊದಲು.

ಕೊನೆಗೆ ನಾನೇ ಮಸ್ಕಿಗೆ ಹೋಗಿ ಈರಣ್ಣನವರನ್ನು ಕರೆತಂದೆ. ಬಸ್ಸಿನುದ್ದಕ್ಕೂ ನನ್ನ ಪುರಾವೆ ಒಪ್ಪಿಸಿದೆ. ಅವರು ಅರ್ಧ ದಾರಿ ನಿದ್ದೆ ಮಾಡಿದರು. ಮನೆಗೆ ಬಂದವರು ಪಿಯಾನೊ ಮುಟ್ಟಲೇ ಇಲ್ಲ. ಸಣ್ಣ ತಕ್ಕಡಿ ತೆಗೆದು, "ಉಂಗುರದ ಬೆರಳಿಲೆ ಈ ತಟ್ಟಿ ಒತ್ರೀ ಅಕ್ಕಾರ, ನೋವಾಗೂದರೊಳಗ ಬಿಡ್ರಿ" ಎಂದು ಮೊದಲು ಬೆರಳನ್ನು ತೂಗಿದರು. ಆಮೇಲೆ ಪಟ್ಟಿಗಳನ್ನು ಹೊರತೆಗೆದು, ಬೆರಳಿಡುವ ಕಡೆ ತೂತು ಕೊರೆದು ಸೀಸದ ತುಂಡು ಬಡಿಯತೊಡಗಿದರು.

"ಹಗುರ ಮಾಡಾಕ ಸೀಸ ಹಾಕ್ತಾರೇನ್ರಿ?"

"ಆ ತುದೀಗೆ ಸುತ್ತಿಗಿ ಭಾರ ಐತಿ, ತಮ್ಮಾ. ಈ ತುದೀಗೆ ಸೀಸ ಕುಂತ್ರ ಒತ್ತಾಕ ಬೆರಳಿಗೊಂದು ಜೋಡಿ ಸಿಕ್ಕಂಗ."

"ಹಂಗಾರ ಇನ್ನಷ್ಟು ಹಾಕ್ರಿ."

"ಭಾಳಾದ್ರ ಒತ್ತಿದ್ದು ಮ್ಯಾಲ ಏಳಂಗಿಲ್ಲ."

"ಆದ್ರ ತಪ್ಪು ಪಿಯಾನೊದ್ದಲ್ಲ ಅಂತ ನಾ ಸಾಬೀತು ಮಾಡೀನಲ್ರಿ."

"ಮಾಡೀರಿ. ಖರೇನೂ ಐತಿ. ಆದ್ರ ಅಕ್ಕಾರು ಬಾರ್ಸಬೇಕಲ್ಲ" ಎಂದು ಇನ್ನೊಂದು ತುಂಡು ಬಡಿದರು.

ಪಟ್ಟಿಗಳು ನಲವತ್ತನಾಲ್ಕು ಗ್ರಾಮಿಗೆ ಇಳಿಯುವಂತಾದಾಗ ನಿಲ್ಲಿಸಿದರು. ಮೂರನೆಯ ದಿನ ಅತ್ತೆ ಬಟ್ಟೆಗಳನ್ನು ಮಂಚಕ್ಕೆ ಸಾಗಿಸಿ ಕುಳಿತು ನುಡಿಸಿದರು. ಬೆರಳು ಇನ್ನೂ ಸೋತರೆ ನಲವತ್ತನಾಲ್ಕರ ಕೆಳಗೂ ಅಂಕಿಗಳಿವೆ, ಆದರೆ ಅವೂ ಕೊನೆಗೊಂದು ಕಡೆ ಮುಗಿಯುತ್ತವೆ ಎಂಬ ವಾದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಬೇರೆಯದನ್ನೇ ಕೇಳಿದೆ:

"ಅತ್ತಿ, ಮುಂದ ಮತ್ತ ಭಾರ ಅನಿಸಿದ್ರ, ನನಗ ಹೇಳ್ತೀಯೋ ಇಲ್ಲೋ?"