ಮಾಮಾನ ಡಬ್ಬಿ ಪರೀಕ್ಷೆ

ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಜೀವನದಲ್ಲಿ ಒಂದೇ ಒಂದು ಇಂಟರ್‌ವ್ಯೂಗೂ ಕುಳಿತವರಲ್ಲ. ಆದರೆ ಯಾವ ಕಾರ್ಖಾನೆಗೆ ಸೇರಬೇಕು, ಯಾವುದರ ಕಡೆ ತಲೆ ಹಾಕಿಯೂ ಮಲಗಬಾರದು ಎಂಬುದನ್ನು ಅವರಷ್ಟು ಖಚಿತವಾಗಿ ಹೇಳುವ ಇನ್ನೊಬ್ಬ ಮನುಷ್ಯ ವಾಡಿಯಿಂದ ಸೇಡಂವರೆಗೆ ಇಲ್ಲ. ಇದ್ದರೆ ತೋರಿಸಿ ನೋಡೋಣ!

ಅವರ ಪದ್ಧತಿ ಬಹಳ ಸರಳ. ಶಿಫ್ಟ್ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಕೂರುವುದು. ಹೊರಬಂದವರಲ್ಲಿ ಒಬ್ಬರನ್ನು "ಬರ್ರಿ, ಕುಂದ್ರಿ, ಚಾ ಕುಡೀರಿ" ಎಂದು ಕರೆಯುವುದು. ಆತ ಚಹಾ ಊದಿಕೊಳ್ಳುತ್ತಿರುವಾಗ ಆತನ ಊಟದ ಡಬ್ಬಿಯನ್ನು ಮೆಲ್ಲಗೆ ಎತ್ತಿ ನೋಡುವುದು. ಡಬ್ಬಿ ಹಗುರವಿದ್ದರೆ ಕಂಪನಿ ಒಳ್ಳೆಯದು. ಭಾರವಿದ್ದರೆ ಆ ಕಂಪನಿಗೆ ದೂರದಿಂದಲೇ ನಮಸ್ಕಾರ.

"ಉಣ್ಲಿಕ್ಕ ಟೈಮ್ ಕೊಡಲಾರದ್ದು ಎಂಥಾ ನೌಕರಿ? ಬೋರ್ಡ್ ಎಷ್ಟರೆ ದೊಡ್ಡದಿರ್ಲಿ, ಸಾಹೇಬ್ರು ಎಷ್ಟರೆ ನಗ್ಲಿ. ಡಬ್ಬಿ ಸುಳ್ಳು ಹೇಳಂಗಿಲ್ಲ" ಎನ್ನುತ್ತಾರೆ ಮಾಮಾ.

ಆದರೆ ಒಮ್ಮೆ ಡಬ್ಬಿಯೂ ಸುಳ್ಳು ಹೇಳಿತು. ಕುರಕುಂಟಾದ ನಮ್ಮ ನೆಂಟರ ಅಳಿಯನಿಗೆ ಒಂದು ಕಾರ್ಖಾನೆಯಿಂದ ಕರೆ ಬಂದಿತ್ತು. ಮಾಮಾ ಮೂರು ದಿನ ಅಲ್ಲಿ ಚಹಾ ಕುಡಿದರು. ಎತ್ತಿದ ಡಬ್ಬಿಗಳೆಲ್ಲ ಕಲ್ಲಿನಷ್ಟು ಭಾರ. "ಜೀವ ತಿಂತಾರ ಅಲ್ಲಿ, ಹೋಗಬ್ಯಾಡ" ಎಂದರು. ಅಳಿಯ ಹೋಗಲಿಲ್ಲ. ಆಮೇಲೆ ತಿಳಿದದ್ದೇನು? ಆ ಕಾರ್ಖಾನೆಯ ಕ್ಯಾಂಟೀನಿನ ಊಟ ಎಷ್ಟು ರುಚಿಯೆಂದರೆ, ಜನ ಬೆಳಿಗ್ಗೆ ಖಾಲಿ ಡಬ್ಬಿ ತಂದು ಸಂಜೆ ಮನೆಯವರಿಗಾಗಿ ತುಂಬಿಸಿಕೊಂಡು ಹೋಗುತ್ತಿದ್ದರಂತೆ! ಅಳಿಯ ಮಾಮಾನೊಂದಿಗೆ ಮಾತು ಬಿಟ್ಟ.

ಮಾಮಾ ಸೋಲೊಪ್ಪಿದರೇ? "ಪದ್ಧತಿ ಬರಾಬರ್ ಅದ. ಮುಚ್ಚಳ ತಗದು ನೋಡಲಾರದ್ದು ನಂದು ತಪ್ಪು" ಎಂದರು. ಅಂದಿನಿಂದ ಎತ್ತುವುದರ ಜೊತೆಗೆ ಮೂಸುವುದೂ ಸೇರಿಕೊಂಡಿತು. ಶಹಾಬಾದಿನಲ್ಲಿ ಒಬ್ಬ ಫಿಟ್ಟರ್ ತನ್ನ ಡಬ್ಬಿ ಮೂಸುತ್ತಿದ್ದ ಮಾಮಾನನ್ನು ಹಿಡಿದೇಬಿಟ್ಟ. "ಯಾಕ್ರಿ ಕಾಕಾ, ಮನ್ಯಾಗ ಉಣ್ಲಿಕ್ಕ ಹಾಕಲ್ಲೇನ್ರಿ?" ಎಂದು ಮರುಗಿದ. ಮರುದಿನ ಅವರಿಗಾಗಿಯೇ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಹೆಚ್ಚಿಗೆ ತಂದ. ಮಾಮಾ ಸಂಕೋಚವಿಲ್ಲದೆ ಉಂಡು ಬಂದು, "ಆ ಕಂಪನಿ ಭಾಳ ಚಲೋ ಅದ" ಎಂದು ತೀರ್ಪು ಕೊಟ್ಟರು.

ಇಂಥವರ ಕೈಗೆ ನನ್ನ ಬದುಕು ಸಿಕ್ಕಿತು. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ ಸಿಮೆಂಟ್ ಕಾರ್ಖಾನೆಯ ಲ್ಯಾಬ್ ಸೇರುವ ಕನಸು ಕಟ್ಟಿಕೊಂಡಿದ್ದೆ. ಎರಡು ಇಂಟರ್‌ವ್ಯೂ ಕೈಕೊಟ್ಟಿದ್ದವು. ಕಾರಣ, ಹೆದರಿಕೆಯಲ್ಲಿ ನಾನು ಎಲ್ಲದಕ್ಕೂ "ಹೌದು ಸರ್" ಎನ್ನುತ್ತಿದ್ದೆ. "ಧೂಳು, ಬಿಸಿಲು ಅಂದ್ರೆ ನಿಮಗೆ ಭಯಾನಾ?" ಎಂದು ಕೇಳಿದಾಗಲೂ "ಹೌದು ಸರ್" ಅಂದವಳು ನಾನು! ಮೂರನೆಯದೂ ಹೋದರೆ ಚಿತ್ತಾಪುರದ ನೆಂಟರ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯಲು ಕೂರಿಸುವುದೆಂದು ಅಪ್ಪ ಮಾತು ಕೊಟ್ಟಾಗಿತ್ತು. ಮೂರು ವರ್ಷ ಬ್ಯುರೆಟ್ ಹಿಡಿದ ಕೈ ಇನ್ನು ಸೀರೆಯ ಬಿಲ್ ಬರೆಯಬೇಕಲ್ಲ ಎಂದು ನಾನು ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ.

ಮೂರನೆಯ ಇಂಟರ್‌ವ್ಯೂಗೆ ನನ್ನನ್ನು ತಯಾರು ಮಾಡಲು ಮಾಮಾ ತಮ್ಮ ಮದುವೆಯ ಕೋಟು ಹಾಕಿಕೊಂಡು ಮಂಚದ ಮೇಲೆ ಅಧಿಕಾರಿಯಾಗಿ ಕುಳಿತರು. "ನಿಮಗ ಏನರೆ ಕೇಳೋದದ ಏನು?"

"ಇಲ್ಲ ಸರ್."

"ಫೇಲ್. ಹೊರಗ ಹೋಗಿ ಮತ್ತ ಬಾ."

ಹನ್ನೊಂದು ಸಲ ಫೇಲಾದೆ. ಕೊನೆಗೆ ಮಾಮಾ ಕೋಟಿನ ಗುಂಡಿ ಬಿಚ್ಚಿ ಹೇಳಿದರು: "ಅವರು ನಿನಗ ಆರಸ್ಲಿಕತ್ತಾರ, ಖರೆ. ನೀನೂ ಅವರಿಗಿ ಆರಸ್ಲಿಕತ್ತೀದಿ. ಊಟದ ಹೊತ್ತಿಗಿ ಸ್ಯಾಂಪಲ್ ಬಂದ್ರ ಯಾರು ನೋಡ್ತಾರಂತ ಕೇಳು."

"ನೌಕರಿ ಸಿಗೋಕಿಂತ ಮೊದಲೇ ಊಟದ ಮಾತು ತಗದ್ರ ಹೊರಗ ಹಾಕ್ತಾರ, ಮಾಮಾ."

"ಹಾಕ್ಲಿ. ಹೊರಗ ನಾ ನಿಂತಿರ್ತೀನಿ."

ಇಂಟರ್‌ವ್ಯೂ ದಿನ ಇದ್ದದ್ದು ಒಂದೇ ಹುದ್ದೆ. ಕೊನೆಗೆ ಉಳಿದವರು ಇಬ್ಬರು, ನಾನು ಮತ್ತು ಚಿಂಚೋಳಿಯ ಒಬ್ಬ ಹುಡುಗಿ. ಒಳಗೆ ಇಬ್ಬರು ಅಧಿಕಾರಿಗಳು: ಲ್ಯಾಬ್ ಮುಖ್ಯಸ್ಥರು, ನೇಮಕಾತಿಯವರು. ಸಿಮೆಂಟಿಗಾಗಿ ಸುಟ್ಟ ಕಲ್ಲುಂಡೆ, ಅಂದರೆ ಕ್ಲಿಂಕರಿನಲ್ಲಿ ಸುಣ್ಣ ಹೆಚ್ಚು ಉಳಿದರೆ ಏನಾಗುತ್ತದೆ ಎಂದು ಕೇಳಿದರು. ಸರಿಯಾಗಿ ಹೇಳಿದೆ. ಆಮೇಲೆ ಬಂತು ಆ ಪ್ರಶ್ನೆ, ನಿಮಗೇನಾದರೂ ಕೇಳುವುದಿದೆಯೇ ಎಂದು. ನಾಲಿಗೆಯ ತುದಿಗೆ "ಇಲ್ಲ ಸರ್" ಬಂದಿತ್ತು. ಅಷ್ಟರಲ್ಲಿ ಕಿಟಕಿಯಾಚೆ, ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ, ಮಾಮಾ ಯಾರದೋ ಡಬ್ಬಿ ಎತ್ತಿ ಮೂಸುತ್ತಿರುವುದು ಕಂಡಿತು. ನಗು ಬಂತು, ಹೆದರಿಕೆ ಹೋಯಿತು. ಮಾಮಾ ಹೇಳಿಕೊಟ್ಟದ್ದನ್ನು ಕೇಳಿಯೇಬಿಟ್ಟೆ.

ಲ್ಯಾಬ್ ಮುಖ್ಯಸ್ಥರು ಕನ್ನಡಕ ತೆಗೆದು ಪಕ್ಕದವರ ಕಡೆ ತಿರುಗಿದರು. "ಕೇಳಿದ್ರೇನ್ರಿ? ವರ್ಷದಿಂದ ನಾ ಇದೇ ಬರದು ಬರದು ಕಳಸ್ಲಿಕತ್ತೀನಿ. ಊಟದ ಹೊತ್ತಿನ ಸ್ಯಾಂಪಲ್ ನೋಡ್ಲಿಕ್ಕ ಮಂದಿ ಇಲ್ಲ, ಇಲ್ಲಾಂದ್ರ ಉಣ್ಲಿಕ್ಕ ಟೈಮಿಲ್ಲ." ಇಬ್ಬರೂ ನನ್ನನ್ನು ಮರೆತು ವಾದಕ್ಕೆ ಬಿದ್ದರು. ಕೊನೆಗೆ ನೇಮಕಾತಿಯವರು ಸುಸ್ತಾಗಿ, "ಆಯ್ತ್ರಿ, ಇಬ್ಬರನ್ನೂ ತಗೋರಿ. ಒಬ್ಬರು ಉಣ್ಲಿ, ಒಬ್ಬರು ಸ್ಯಾಂಪಲ್ ನೋಡ್ಲಿ" ಎಂದರು. ಒಂದು ಹುದ್ದೆಗೆ ಹೋದ ನಾನು ಎರಡು ತುಂಬಿಸಿ ಬಂದೆ! ಚಿಂಚೋಳಿಯ ಹುಡುಗಿ ಹೊರಗೆ ನನ್ನನ್ನು ತಬ್ಬಿಕೊಂಡಳು.

ಮಾಮಾ ದಂಡೋತಿಯ ನೆಂಟರವರೆಗೂ ಪೇಢೆ ಹಂಚಿ ಬಂದರು, ಇಂಟರ್‌ವ್ಯೂ ಪಾಸಾದದ್ದು ತಾವೇ ಎಂಬಂತೆ. ಮಾತು ಬಿಟ್ಟಿದ್ದ ಕುರಕುಂಟಾದ ಅಳಿಯನೂ ಫೋನ್ ಮಾಡಿ, "ಮಾಮಾಗ ಹೇಳ್ರಿ, ಜರಾ ನನಗೂ ಒಂದು ಗೇಟ್ ನೋಡ್ಲಿ" ಎಂದ.

ಕೆಲಸದ ಮೊದಲ ದಿನ ಮಾಮಾನ ಹೆಂಡತಿ, ನಮ್ಮ ಅತ್ತಿ, ತಾನೇ ಬಂದು ನನ್ನ ಡಬ್ಬಿಗೆ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಾಕಿ ಕಟ್ಟಿದಳು. ಕಟ್ಟುತ್ತ, ಯಾರಿಗೋ ಹೇಳುವಂತೆ ಹೇಳಿದಳು: "ನಿಮ್ಮ ಮಾಮಾ ಇಪ್ಪತ್ತೆಂಟು ವರ್ಷ ಫರ್ಶಿ ಕಲ್ಲಿನ ಕಾರ್ಖಾನ್ಯಾಗ ಇದ್ರು. ಊಟದ ಹೊತ್ತಿಗೇ ಲಾರಿ ಬರ್ತಿದ್ವು, ಕಲ್ಲು ಏರಿಸ್ಲಿಕ್ಕ ಇವರೇ ನಿಂದರಬೇಕು. ಉಣ್ಣಲಾರದ ಡಬ್ಬಿ ಮನೀಗಿ ತಂದ್ರ ನನಗ ಕೆಟ್ಟನಿಸ್ತದಂತ, ದಾರ್ಯಾಗ ನಾಯಿಗಿ ಹಾಕಿ ಖಾಲಿ ಮಾಡ್ಕೊಂಡು ಬರ್ತಿದ್ರು. ಒಂದಿನ ಆ ನಾಯಿ ಬೆನ್ನು ಹತ್ತಿ ಮನೀತನಕ ಬಂತು. ಆವಾಗ ನನಗ ಗೊತ್ತಾತು."

ಸಂಜೆ ಗೇಟಿನಿಂದ ಹೊರಬಂದಾಗ ಮಾಮಾ ಚಹಾ ಅಂಗಡಿಯ ಮುಂದೆ ನಿಂತಿದ್ದರು. ಕೆಲಸ ಹೇಗಿತ್ತು ಎಂದು ಕೇಳಲಿಲ್ಲ. ಡಬ್ಬಿ ಇಸಿದುಕೊಂಡು ಎತ್ತಿ ನೋಡಿದರು. ಹಗುರವಿತ್ತು. ಮುಚ್ಚಳ ತೆಗೆದರು. ಖಾಲಿಯಿತ್ತು. ಆದರೂ ಅವರಿಗೆ ಸಮಾಧಾನವಾಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಸಣ್ಣ ದನಿಯಲ್ಲಿ ಕೇಳಿದರು:

"ನೀನೇ ಉಂಡಿ ಏನವ್ವಾ?"

"ನಾನೇ ಉಂಡೀನಿ ಮಾಮಾ. ಕುಂತು ಉಂಡೀನಿ" ಎಂದೆ.

ಮಾಮಾ ಡಬ್ಬಿಯನ್ನು ನನಗೆ ಮರಳಿಸಲಿಲ್ಲ. ಮನೆಯವರೆಗೂ ಬಸ್ಸಿನಲ್ಲಿ ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಬಂದರು.